ಗೇಟಿನ ಮುಂದೆ ಕೂಗಿದ್ದಾಯಿತು, ಇನ್ನು ಟೆಂಡರ್ ಓದೋಣ ಬನ್ನಿ!

ಕನ್ನಡದ ತರುಣರೇ,

ಜಾಲಹಳ್ಳಿಯ ಬಿಇಎಲ್ ಗೇಟು ನೀವು ನೋಡಿದ್ದೀರಿ. ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿ ಎಚ್‌ಎಎಲ್ ಕಾಂಪೌಂಡಿನ ಪಕ್ಕ ಬಸ್ಸಿಗೆ ಕಾದಿದ್ದೀರಿ. ಆ ಗೇಟುಗಳ ಮುಂದೆ ಹಳದಿ-ಕೆಂಪು ಬಾವುಟ ಹಿಡಿದು, "ಕನ್ನಡಿಗರಿಗೆ ಕೆಲಸ ಕೊಡಿ" ಎಂದು ಗಂಟಲು ಹರಿಯುವಂತೆ ಕೂಗಿದವರೂ ನಿಮ್ಮಲ್ಲಿದ್ದಾರೆ. ಕೂಗಿದ್ದು ತಪ್ಪಲ್ಲ. ಕೂಗದಿದ್ದರೆ ಈ ನಾಡಿನಲ್ಲಿ ಯಾರು ಯಾರನ್ನು ಕೇಳಿದ್ದಾರೆ?

ಆದರೆ ಒಂದು ಮಾತು ಕೇಳುತ್ತೇನೆ, ಎದೆ ಮುಟ್ಟಿಕೊಂಡು ಹೇಳಿ. ಅದೇ ಗೇಟಿನೊಳಗಿಂದ ಒಂದು ಕಾಗದ ಹೊರಗೆ ಬರುತ್ತಲೇ ಇರುತ್ತದೆ. ಅದನ್ನು ನಿಮ್ಮಲ್ಲಿ ಎಷ್ಟು ಜನ ಓದಿದ್ದೀರಿ? ಆ ಕಾಗದದ ಹೆಸರು ಟೆಂಡರ್.

ನಾನು ಪಾಳಾದವನು. ಮುಂಡಗೋಡ ತಾಲೂಕಿನ ಸಣ್ಣ ಊರು; ಭತ್ತ, ಗೋವಿನಜೋಳ ಬೆಳೆಯುವ ಸೀಮೆ. ಅಪ್ಪ ಟ್ರೆಡಲ್ ಹಾಕಿದ್ದ ಕೋಣೆಯಲ್ಲೇ ನಾನು ಇವತ್ತು ಆಫ್‌ಸೆಟ್ ನಡೆಸುತ್ತೇನೆ. ಲಗ್ನಪತ್ರಿಕೆ, ಜಾತ್ರೆಯ ಪಾಂಪ್ಲೆಟ್, ಸೊಸೈಟಿಯ ರಸೀದಿ ಪುಸ್ತಕ, ಇವೇ ನಮ್ಮ ಮನೆಯ ಅನ್ನ. ಓದಿದ್ದು ಪಿಯುಸಿ. ನನಗೆ ಕ್ಷಿಪಣಿ ಗೊತ್ತಿಲ್ಲ, ರಡಾರ್ ಗೊತ್ತಿಲ್ಲ. ಕಾಗದ ಗೊತ್ತು. ಈ ದೇಶದ ರಕ್ಷಣೆಗೆಂದು ತೆಗೆದಿಟ್ಟ ಸಾವಿರಾರು ಕೋಟಿ ರೂಪಾಯಿ ಹರಿಯುವುದು ಕಾಗದದ ಮೇಲೆಯೇ. ಅಷ್ಟರ ಮಟ್ಟಿಗೆ ಈ ವಿಷಯದಲ್ಲಿ ಬಾಯಿ ಹಾಕಲು ನನಗೂ ಹಕ್ಕಿದೆ.

ಗೇಟು ಎರಡಿವೆ, ನಾವು ನಿಂತದ್ದು ಒಂದರ ಮುಂದೆ

1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ವಾಲ್‌ಚಂದ್ ಹೀರಾಚಂದ್ ಮುಂದಾದರು. ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಜಾಗ ಕೊಟ್ಟಿತು, ಬಂಡವಾಳ ಹಾಕಿತು. ಅದೇ ಇವತ್ತಿನ ಎಚ್‌ಎಎಲ್. 1954ರಲ್ಲಿ ಬಿಇಎಲ್ ಬಂತು, 1964ರಲ್ಲಿ ಬಿಇಎಂಎಲ್ ಬಂತು. ನೆಲ ನಮ್ಮದು, ನೀರು ನಮ್ಮದು, ಮೊದಲ ದುಡ್ಡಿನಲ್ಲೂ ನಮ್ಮವರ ಪಾಲಿತ್ತು. ಹಾಗಾದರೆ ಒಳಗಿನ ಕುರ್ಚಿಯಲ್ಲಿ ನಮ್ಮವರೆಷ್ಟು ಎಂಬ ಪ್ರಶ್ನೆ ಏಳಲೇಬೇಕಿತ್ತು, ಎದ್ದಿತು. 1983ರಲ್ಲಿ ನಮ್ಮ ಜಿಲ್ಲೆಯವರೇ ಆದ ರಾಮಕೃಷ್ಣ ಹೆಗಡೆಯವರ ಸರ್ಕಾರ ಧಾರವಾಡದ ಸರೋಜಿನಿ ಮಹಿಷಿಯವರ ನೇತೃತ್ವದಲ್ಲಿ ಸಮಿತಿ ಮಾಡಿತು. 1986ರಲ್ಲಿ ಅಂತಿಮ ವರದಿ ಬಂತು, 58 ಶಿಫಾರಸುಗಳು. ಆ ವರದಿ ನಮ್ಮ ಚಳವಳಿಗಳ ಪಂಚಾಂಗವಾಯಿತು. ಇವತ್ತಿಗೂ ಅದನ್ನೇ ಓದುತ್ತಿದ್ದೇವೆ, ಓದಬೇಕು ಕೂಡ.

ಆದರೆ ಕಾಲ ಬದಲಾಗಿದೆ. ಕಾರ್ಖಾನೆಯ ಮುಂಬಾಗಿಲಿನಿಂದ ಒಳಗೆ ಹೋಗುವ ನೌಕರರ ಲೆಕ್ಕವನ್ನು ನಾವು ಹಿಡಿದು ಕೂತಿದ್ದೇವೆ. ಹಿಂಬಾಗಿಲಿನಿಂದ ಹೊರಗೆ ಹೋಗುವ ಕೆಲಸದ ಲೆಕ್ಕ ಯಾರು ಹಿಡಿದಿದ್ದಾರೆ? ಒಂದು ಹೆಲಿಕಾಪ್ಟರಿನ ಎಲ್ಲ ಭಾಗವನ್ನೂ ಎಚ್‌ಎಎಲ್ ತಾನೇ ಕೂತು ಮಾಡುವುದಿಲ್ಲ. ನಟ್ಟು, ಬೋಲ್ಟು, ಕೇಬಲ್ಲು, ಸರ್ಕ್ಯೂಟ್ ಬೋರ್ಡು, ಎರಕದ ಭಾಗ, ಪೇಂಟು, ಪ್ಯಾಕಿಂಗ್ ಪೆಟ್ಟಿಗೆ, ಕೈಪಿಡಿಯ ಅಚ್ಚು, ಎಲ್ಲವೂ ಹೊರಗಿನಿಂದ ಬರಬೇಕು.

ಒಂದೇ ಉದಾಹರಣೆ ನೋಡಿ. 2025ರ ಮಾರ್ಚ್ 28ರಂದು ರಕ್ಷಣಾ ಮಂತ್ರಾಲಯ ಎಚ್‌ಎಎಲ್ ಜೊತೆ 156 'ಪ್ರಚಂಡ' ಹೆಲಿಕಾಪ್ಟರುಗಳಿಗೆ ಕರಾರು ಮಾಡಿಕೊಂಡಿತು. ತೆರಿಗೆ ಬಿಟ್ಟು 62,700 ಕೋಟಿ ರೂಪಾಯಿ. ತಯಾರಾಗುವುದು ಬೆಂಗಳೂರು ಮತ್ತು ತುಮಕೂರಿನ ಘಟಕಗಳಲ್ಲಿ. ಗುಬ್ಬಿ ತಾಲೂಕಿನ ಆ ಹೊಸ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಈ ಕೆಲಸದಲ್ಲಿ 250ಕ್ಕೂ ಹೆಚ್ಚು ದೇಶೀ ಕಂಪನಿಗಳು ಭಾಗಿಯಾಗುತ್ತವೆ, ಅವುಗಳಲ್ಲಿ ಹೆಚ್ಚಿನವು ಸಣ್ಣ ಉದ್ದಿಮೆಗಳು ಎಂದು ಸರ್ಕಾರವೇ ಹೇಳಿದೆ.

ಆ 250ರಲ್ಲಿ ನಮ್ಮ ಪೀಣ್ಯದ ಶೆಡ್ಡುಗಳೆಷ್ಟು? ಬೆಳಗಾವಿಯ ಫೌಂಡ್ರಿಗಳೆಷ್ಟು? ಹುಬ್ಬಳ್ಳಿಯ ವರ್ಕ್‌ಶಾಪುಗಳೆಷ್ಟು? ಅದನ್ನು ಗೇಟಿನ ಮುಂದಿನ ಘೋಷಣೆ ತೀರ್ಮಾನ ಮಾಡುವುದಿಲ್ಲ. ಟೆಂಡರ್ ಕಾಗದವನ್ನು ಓದಬಲ್ಲವನು, ಅದಕ್ಕೆ ತಪ್ಪಿಲ್ಲದ ಉತ್ತರ ಬರೆಯಬಲ್ಲವನು, ಕರಾರು ಸಿಕ್ಕ ಮೇಲೆ ಅದನ್ನು ಕೊನೆತನಕ ನಿಭಾಯಿಸಬಲ್ಲವನು ತೀರ್ಮಾನ ಮಾಡುತ್ತಾನೆ.

ಮೂವತ್ತೇಳನೇ ಪುಟದಲ್ಲಿದ್ದ ಬಳೆ

ಇದು ನನಗೆ ಪುಸ್ತಕ ಓದಿ ತಿಳಿದದ್ದಲ್ಲ, ಪೆಟ್ಟು ತಿಂದು ತಿಳಿದದ್ದು.

2017ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದ ಒಂದು ಸಂಸ್ಥೆ ರಿಜಿಸ್ಟರು, ಫಾರ್ಮುಗಳನ್ನು ಅಚ್ಚು ಹಾಕಿಸಲು ಟೆಂಡರ್ ಕರೆಯಿತು. ಸಂಸ್ಥೆಯ ಹೆಸರು ಬೇಡ. 52 ಪುಟದ ಕಟ್ಟು. ಮೊದಲು ಹಿಂದಿ, ಅದರ ಬೆನ್ನಿಗೆ ಇಂಗ್ಲಿಷ್. ಕನ್ನಡದ ಒಂದು ಅಕ್ಷರ ಇಲ್ಲ. ನಾನು ಅದರಲ್ಲಿ ಓದಿದ್ದು ಮೂರೇ ಪುಟ: ಕಾಗದ ಎಷ್ಟು ಜಿಎಸ್‌ಎಂ, ಪ್ರತಿ ಎಷ್ಟು, ದರ ಬರೆಯುವ ಪಟ್ಟಿ ಎಲ್ಲಿ. ಅಚ್ಚಿನ ಕೆಲಸದವನಿಗೆ ಇನ್ನೇನು ಬೇಕು ಎಂಬ ಸೊಕ್ಕು.

ಬಯಾನಾ ಹಣ 40 ಸಾವಿರ ರೂಪಾಯಿ ಕಟ್ಟಬೇಕಿತ್ತು. ಕೈಯಲ್ಲಿ ಇರಲಿಲ್ಲ. ಹೆಂಡತಿಯ ಬಳೆ ಸೊಸೈಟಿಯಲ್ಲಿಟ್ಟು ಡಿಡಿ ತೆಗೆಸಿದೆ. ಹುಬ್ಬಳ್ಳಿಯ ಪೇಪರ್ ವ್ಯಾಪಾರಿಗೆ ಮುಂಗಡ ಕೊಟ್ಟು ಕಾಗದ ಹಿಡಿದಿಟ್ಟೆ. ದರ ಬಿಗಿ ಹಿಡಿದು ಹಾಕಿದ್ದೆ, ಕೆಲಸ ನನಗೇ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ.

ನನ್ನ ದರದ ಲಕೋಟೆಯನ್ನು ಅವರು ಬಿಚ್ಚಲೇ ಇಲ್ಲ! ಛಾಪಾ ಕಾಗದದ ಮೇಲೆ ಒಂದು ಘೋಷಣೆ ಬರೆದು ಸಹಿ ಮಾಡಿ ಮೊದಲ ಲಕೋಟೆಯಲ್ಲಿ ಇಡಬೇಕಿತ್ತಂತೆ. 29ನೇ ಪುಟದಲ್ಲಿತ್ತು. ನಾನು ಇಟ್ಟಿರಲಿಲ್ಲ. ಬೇರೆ ಊರಿನವರಿಗೆ ಕೆಲಸ ಹೋಯಿತು, ಒಂದು ರಿಜಿಸ್ಟರಿಗೆ ನನ್ನ ದರಕ್ಕಿಂತ ನಾಲ್ಕು ರೂಪಾಯಿ ಹೆಚ್ಚಿಗೆ. ಬಯಾನಾ ಹಣ ವಾಪಸು ಬರಲು ಏಳು ತಿಂಗಳು. ಬಡ್ಡಿ ಕಟ್ಟಿ ಬಳೆ ಬಿಡಿಸಿದೆ. ಮೆಶಿನ್ ಮೇಲಿದ್ದ ಒಬ್ಬ ಹುಡುಗನನ್ನು ಕೆಲಸದಿಂದ ಬಿಡಿಸಿದೆ. ಅವನಿಗೆ ಸಂಬಳ ಕೊಡಲು ದುಡ್ಡಿರಲಿಲ್ಲ. ಅವನು ಗೋವಾಕ್ಕೆ ಹೋದ.

ಆ ಟೆಂಡರ್ ಕಟ್ಟನ್ನು ನಾನು ಸಿಟ್ಟಿಗೆ ಎಸೆಯದೆ ಕಪಾಟಿನಲ್ಲಿ ಇಟ್ಟಿದ್ದೆ. ಒಂದು ದೀಪಾವಳಿಗೆ ನಮ್ಮೂರ ಹುಡುಗನೊಬ್ಬ ಪ್ರೆಸ್ಸಿಗೆ ಬಂದು ಕೂತ. ಬಿ.ಕಾಂ. ಓದಿದವನು, ಬೆಂಗಳೂರಿನಲ್ಲಿ ಸೈನ್ಯಕ್ಕೆ ಎಲೆಕ್ಟ್ರಾನಿಕ್ ಸಾಮಾನು ಮಾಡಿಕೊಡುವ ಒಂದು ಖಾಸಗಿ ಕಂಪನಿಯಲ್ಲಿದ್ದಾನೆ. ಕಟ್ಟನ್ನು ತಿರುವಿ ಹಾಕಿ ಕೇಳಿದ:

"ಕಾಕಾ, ನಿಮ್ದು ಸಣ್ಣ ಉದ್ದಿಮೆ ಅಂತ ರಿಜಿಸ್ಟರ್ ಆಗಿತ್ತಲ್ರೀ?"

"ಆಗಿತ್ತು."

"ಮತ್ತ ಬಯಾನಾ ಯಾಕ ಕಟ್ಟಿದ್ರಿ? ನಿಮಗ ಮಾಫಿ ಐತಿ. ನೋಡ್ರಿಲ್ಲೆ, ಮೂವತ್ತೇಳನೇ ಪುಟ."

ನೋಡಿದೆ. ಇಂಗ್ಲಿಷಿನಲ್ಲಿ ಎರಡು ಸಾಲು. ಆ ಎರಡು ಸಾಲಿನಲ್ಲಿ ನನ್ನ ಹೆಂಡತಿಯ ಬಳೆ ಇತ್ತು.

ತಪ್ಪು ಯಾರದು? ಅರ್ಧ ನನ್ನದೇ. ಓದದೆ ಪುಟಪುಟಕ್ಕೂ ಸಹಿ ಹಾಕಿ ಸೀಲು ಒತ್ತಿದವನು ನಾನು. ಸಹಿ ಹಾಕಿದ ಮೇಲೆ "ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ" ಎಂದರೆ ಯಾವ ಕಚೇರಿಯೂ ಕೇಳುವುದಿಲ್ಲ. ಉಳಿದರ್ಧ ತಪ್ಪಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಹುಡುಗನ ಕೆಲಸ ಕೇಳಿ.

ಕಾಗದ ಮಾಡುವ ಕೆಲಸ

"ಅಲ್ಲೋ ತಮ್ಮಾ, ಬಿ.ಕಾಂ. ಓದಿ ನೀ ಅಲ್ಲಿ ಏನ್ ಮಾಡ್ತೀ?" ಎಂದು ಕೇಳಿದೆ.

"ನಾ ಬಂದೂಕ ಮಾಡಂಗಿಲ್ರೀ ಕಾಕಾ. ಕಾಗದಾ ಮಾಡ್ತೀನಿ" ಎಂದ.

ಅವನು ವಿವರಿಸಿದ್ದನ್ನು ನಿಮಗೆ ತಿಳಿಯುವಂತೆ ಹೇಳುತ್ತೇನೆ, ಏಕೆಂದರೆ ಇಂಥ ಒಂದು ನೌಕರಿ ಇದೆ ಎಂಬುದೇ ನಮ್ಮ ಕಾಲೇಜು ಹುಡುಗರಿಗೆ ಗೊತ್ತಿಲ್ಲ. ಎಂಜಿನಿಯರ್ ಆದರೆ ಮಾತ್ರ ರಕ್ಷಣಾ ಕಂಪನಿ ಎಂದುಕೊಂಡಿದ್ದೀರಿ.

ಸೈನ್ಯಕ್ಕೆ ಒಂದು ಸಾಮಾನು ಬೇಕು ಎನ್ನಿ. ಮೊದಲು "ಇಂಥದ್ದು ಯಾರ ಹತ್ತಿರ ಇದೆ?" ಎಂದು ಮಾಹಿತಿ ಕೇಳುವ ಕಾಗದ ಬರುತ್ತದೆ. ಬೇಕಾದ ಗುಣಗಳ ಪಟ್ಟಿ ತಯಾರಾಗುತ್ತದೆ. ಮಂತ್ರಾಲಯ "ಇದು ಅವಶ್ಯ" ಎಂದು ಒಪ್ಪಿಗೆ ಕೊಡುತ್ತದೆ. ಆಮೇಲೆ ಪ್ರಸ್ತಾವ ಕೇಳುವ ದೊಡ್ಡ ಕಾಗದ, ಇಂಗ್ಲಿಷಿನ ಮೂರಕ್ಷರದಲ್ಲಿ ಆರ್‌ಎಫ್‌ಪಿ ಎನ್ನುತ್ತಾರೆ. ನೂರಾರು ಪುಟ. ಕಂಪನಿಗಳು ಎರಡು ಭಾಗದಲ್ಲಿ ಉತ್ತರ ಕೊಡಬೇಕು: ಒಂದರಲ್ಲಿ ಸಾಮಾನಿನ ವಿವರ, ಇನ್ನೊಂದರಲ್ಲಿ ಬೆಲೆ. ವಿವರ ಪಾಸಾದರೆ ಸಾಮಾನಿನ ಪರೀಕ್ಷೆ. ಬಿಸಿಲಲ್ಲಿ, ಚಳಿಯಲ್ಲಿ, ಮರಳಲ್ಲಿ. ಅದೂ ಪಾಸಾದರೆ ಬೆಲೆಯ ಲಕೋಟೆ ಬಿಚ್ಚುತ್ತಾರೆ. ಎಲ್ಲರಿಗಿಂತ ಕಡಿಮೆ ಹೇಳಿದವನಿಗೆ 'ಎಲ್-1' ಎಂದು ಹೆಸರು. ಅವನನ್ನು ಕೂಡಿಸಿಕೊಂಡು ಚೌಕಾಸಿ. ಕೊನೆಗೆ ಕರಾರು.

ಹುಡುಗನ ಕೆಲಸ ಶುರುವಾಗುವುದು ಆ ನೂರಾರು ಪುಟ ಮೇಜಿನ ಮೇಲೆ ಬಿದ್ದ ದಿನ. ಒಂದೊಂದು ಸಾಲನ್ನೂ ಓದಿ, "ಮಾಡತಕ್ಕದ್ದು" ಎಂದಿರುವ ಕಡೆಯೆಲ್ಲ ಗುರುತು ಹಾಕಿ, ಒಂದು ಪಟ್ಟಿ ಮಾಡುತ್ತಾನೆ: ಷರತ್ತಿನ ನಂಬರು, ನಾವು ಒಪ್ಪುತ್ತೇವೆಯೋ ಇಲ್ಲವೋ, ಪುರಾವೆ ಯಾವ ಪುಟದಲ್ಲಿದೆ. ಒಂದು ಸಾಲು ಬಿಟ್ಟುಹೋದರೂ ಇಡೀ ಪ್ರಸ್ತಾವ ಮೂಲೆಗೆ. ಡಿಸೈನ್ ಎಂಜಿನಿಯರನ ಬೆನ್ನು ಹತ್ತಿ ವಿವರ ಬರೆಸಿಕೊಳ್ಳಬೇಕು. ಸ್ಟೋರಿನವರಿಂದ ಕಚ್ಚಾಮಾಲಿನ ದರ, ಅಕೌಂಟ್ಸಿನವರಿಂದ ಲೆಕ್ಕ, ಬ್ಯಾಂಕಿನಿಂದ ಗ್ಯಾರಂಟಿ ತರಿಸಬೇಕು. ಸಂಶಯವಿದ್ದರೆ ಟೆಂಡರ್ ಪೂರ್ವ ಸಭೆಯಲ್ಲಿ ಕೇಳಬೇಕು. ನಡುವೆ ತಿದ್ದುಪಡಿ ಬಂತೇ ಎಂದು ದಿನಾ ನೋಡಬೇಕು. ಮೂರು ಗಂಟೆಗೆ ಗಡುವು ಎಂದರೆ ಮೂರು ಗಂಟೆ ಒಂದು ನಿಮಿಷಕ್ಕೆ ಕಂಪ್ಯೂಟರ್ ಬಾಗಿಲು ಮುಚ್ಚುತ್ತದೆ. ಅಲ್ಲಿ ಯಾರ ಕೈಕಾಲು ಹಿಡಿಯಲೂ ಆಗುವುದಿಲ್ಲ.

ಕರಾರು ಸಿಕ್ಕರೆ ಕೆಲಸ ಮುಗಿಯಿತೇ? ಆಗ ಶುರು. ಸಾಮಾನು ಕೊಡುವ ತಾರೀಖು ತಪ್ಪಿದರೆ ದಂಡ. ಅನೇಕ ಸರ್ಕಾರಿ ಕರಾರುಗಳಲ್ಲಿ ವಾರಕ್ಕೆ ಅರ್ಧ ಪರ್ಸೆಂಟಿನಂತೆ ಅದು ಏರುತ್ತ ಹೋಗುತ್ತದೆ. ಬ್ಯಾಂಕ್ ಗ್ಯಾರಂಟಿಯ ಅವಧಿ ಮುಗಿಯುವ ಮುಂಚೆ ನವೀಕರಿಸಬೇಕು. ತಪಾಸಣೆಗೆ ಬಂದವರ ಮುಂದೆ ದಾಖಲೆ ಇಡಬೇಕು. ಬಿಲ್ಲು ಯಾವ ಹಂತಕ್ಕೆ ಎಷ್ಟು ಎಂದು ನೋಡಿ ಹಾಕಬೇಕು. ನಿಮಗೆ ಸಾಮಾನು ಕೊಡುವವನು ತಡ ಮಾಡಿದರೆ ಆ ತಡ ನಿಮ್ಮ ತಲೆಗೆ ಬರದಂತೆ ಅವನ ಕರಾರಿನಲ್ಲೂ ಷರತ್ತು ಇರಬೇಕು.

ದೊಡ್ಡವರಿಗೂ ಇದು ಬಿಟ್ಟಿಲ್ಲ. 2021ರ ಫೆಬ್ರವರಿ 3ರಂದು, ಬೆಂಗಳೂರಿನ ಏರೋ ಇಂಡಿಯಾದಲ್ಲಿ, 83 ತೇಜಸ್ ಮಾರ್ಕ್-1ಎ ವಿಮಾನಗಳ ಕರಾರು ಎಚ್‌ಎಎಲ್ ಕೈಗೆ ಬಂತು, ಸುಮಾರು 48 ಸಾವಿರ ಕೋಟಿ. 2024ರಿಂದ ವಿಮಾನ ಕೊಡಬೇಕಿತ್ತು. ಆದರೆ ಅಮೆರಿಕದ ಜಿಇ ಕಂಪನಿಯ ಎಂಜಿನ್ ತಡವಾಯಿತು, ಮೊದಲ ಎಂಜಿನ್ ಬಂದದ್ದು 2025ರ ಮಾರ್ಚಿನಲ್ಲಿ. ವಿಮಾನದ ಮೈ ತಯಾರಿದ್ದರೂ ಎಂಜಿನ್ ಇಲ್ಲದೆ ಹಾರುವುದು ಹೇಗೆ? ಕರಾರು ಎಂದರೆ ಸರಪಳಿ. ಒಂದು ಕೊಂಡಿ ಜಗ್ಗಿದರೆ ಇಡೀ ಸರಪಳಿ ಜಗ್ಗುತ್ತದೆ. ಆ ಕೊಂಡಿಗಳನ್ನು ದಿನಾ ಮುಟ್ಟಿ ನೋಡುವವನೇ ಕರಾರು ನೋಡಿಕೊಳ್ಳುವವನು.

ಕೇಳುತ್ತ ಕೇಳುತ್ತ ನನಗೆ ನಗು ಬಂತು. ಇದು ನನ್ನದೇ ಕೆಲಸವಲ್ಲವೇ! ಲಗ್ನಪತ್ರಿಕೆಯ ಪ್ರೂಫ್ ನೋಡುವಾಗ ಮುಹೂರ್ತದ ಒಂದು ಅಂಕಿ ತಪ್ಪಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಟೆಂಡರ್ ಕೆಲಸ ಎಂದರೆ ಪ್ರೂಫ್ ನೋಡುವ ಕೆಲಸ, ಲೆಕ್ಕದ ಕೆಲಸ, ಗಡುವಿನ ಕೆಲಸ. ಇದಕ್ಕೆ ಬೇಕಾದದ್ದು ತಾಳ್ಮೆ, ಅಚ್ಚುಕಟ್ಟು, ನಾಲ್ಕು ಇಲಾಖೆಯವರಿಂದ ಕೆಲಸ ತೆಗೆಸುವ ನಯ. ಬಿ.ಕಾಂ. ಹುಡುಗ, ಬಿ.ಎ. ಹುಡುಗಿ, ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತವನು, ಯಾರು ಬೇಕಾದರೂ ಕಲಿಯಬಹುದು.

"ನಮ್ಮವರು ಎಷ್ಟು ಮಂದಿ ಅದೀರೋ ನಿಮ್ಮ ವಿಭಾಗದಾಗ?" ಎಂದು ಕೇಳಿದೆ.

"ಹನ್ನೊಂದು ಮಂದಿಯೊಳಗ ನಾ ಒಬ್ಬನs ರೀ" ಎಂದ.

ಬೇರೆಯವರು ಅವನ ಕುರ್ಚಿ ಕಸಿದುಕೊಂಡಿಲ್ಲ. ಉಳಿದ ಕುರ್ಚಿಗಳಿಗೆ ನಮ್ಮವರು ಅರ್ಜಿಯೇ ಹಾಕಿರಲಿಲ್ಲ. ಅರ್ಜಿ ಹಾಕಲು ಅಂಥ ಕುರ್ಚಿ ಇದೆ ಎಂದು ಗೊತ್ತಿರಬೇಕಲ್ಲ!

ಕಾಯ್ದೆಯಲ್ಲೇ ಬಾಗಿಲು ಹಾಕಿದ್ದಾರೆ

ಈಗ ಆ ಉಳಿದರ್ಧ ತಪ್ಪಿನ ಮಾತು.

ಆ 52 ಪುಟದಲ್ಲಿ ಹಿಂದಿ ಏಕಿತ್ತು, ಕನ್ನಡ ಏಕಿರಲಿಲ್ಲ? ಅಧಿಕಾರಿ ಮರೆತನೇ? ಇಲ್ಲ ಗೆಳೆಯರೇ, ಅವನು ಕಾಯ್ದೆ ಪಾಲಿಸಿದ. ಕೇಂದ್ರದ ಅಧಿಕೃತ ಭಾಷೆಗಳ ಕಾಯ್ದೆ, 1963. ಅದರ 3ನೇ ಕಲಂ, 3ನೇ ಉಪಕಲಂ ತೆಗೆದು ನೋಡಿ. ಕೇಂದ್ರ ಸರ್ಕಾರ ಮತ್ತು ಅದರ ಒಡೆತನದ ಕಂಪನಿಗಳು ಮಾಡಿಕೊಳ್ಳುವ ಕರಾರು, ಹೊರಡಿಸುವ ಲೈಸೆನ್ಸು, ನೋಟೀಸು, ಟೆಂಡರ್ ಫಾರ್ಮು, ಇವೆಲ್ಲ ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲೂ ಇರಬೇಕು. ಟೆಂಡರ್ ಫಾರ್ಮು ಎಂದು ಹೆಸರು ಹಿಡಿದೇ ಬರೆದಿದ್ದಾರೆ!

ಇದರ ಅರ್ಥ ತಿಳಿಯಿತೇ? ಕಾನ್ಪುರದ ಸಣ್ಣ ಪ್ರೆಸ್ಸಿನವನು ತನ್ನ ಭಾಷೆಯಲ್ಲಿ ಟೆಂಡರ್ ಓದುವುದು ಕಾಯ್ದೆ ಕೊಟ್ಟ ಹಕ್ಕು. ಪಾಳಾದ ಸಣ್ಣ ಪ್ರೆಸ್ಸಿನವನಿಗೆ ಆ ಹಕ್ಕಿಲ್ಲ. ಇಬ್ಬರೂ ಒಂದೇ ತೆರಿಗೆ ಕಟ್ಟುತ್ತಾರೆ, ಒಂದೇ ಟೆಂಡರಿಗೆ ದರ ಹಾಕುತ್ತಾರೆ. ಓಟದ ಗೆರೆ ಮಾತ್ರ ಒಬ್ಬನಿಗೆ ಹತ್ತು ಮಾರು ಮುಂದೆ. ಸಂವಿಧಾನದ 8ನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ, ಟೆಂಡರ್ ಫಾರ್ಮಿನಲ್ಲಿ ಅವುಗಳಲ್ಲಿ ಒಂದಕ್ಕೇ ಕುರ್ಚಿ. ಅದೇ 1963ರಲ್ಲಿ ನಮ್ಮ ರಾಜ್ಯವೂ ಕನ್ನಡವೇ ಆಡಳಿತ ಭಾಷೆ ಎಂದು ಕಾಯ್ದೆ ಮಾಡಿತು. ಅದು ವಿಧಾನಸೌಧಕ್ಕೆ ಸರಿ, ಜಾಲಹಳ್ಳಿಯ ಗೇಟು ದಾಟುವುದಿಲ್ಲ.

ಕಾನ್ಪುರದವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಸಿಕ್ಕಿದ್ದು ನನಗೂ ಸಿಗಲಿ ಎಂಬುದಷ್ಟೇ ವಾದ.

ನಮ್ಮ ಜಿಲ್ಲೆಯ ಕಾರವಾರಕ್ಕೆ ಹೋಗಿ ನೋಡಿ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲ ದಂಡೆ ಬಿಟ್ಟು ಎದ್ದು ಹೋದವು, ಪರಿಹಾರಕ್ಕೆ ದಶಕಗಟ್ಟಲೆ ಕೋರ್ಟು ಅಲೆದವು. 2005ರ ಮೇ 31ರಂದು ನೆಲೆ ಸೇವೆಗೆ ಸೇರಿತು. ಇಟ್ಟ ಹೆಸರೇನು? ಐಎನ್‌ಎಸ್ ಕದಂಬ! ಬನವಾಸಿಯ ಕದಂಬರ ಹೆಸರು ಕೇಳಿ ಎದೆ ಉಬ್ಬುತ್ತದೆ. ಆದರೆ ಅಂಥ ನೆಲೆಗೆ ತರಕಾರಿ, ಬಟ್ಟೆ ಒಗೆತ, ಗೋಡೆ ಬಣ್ಣ ಬೇಕೆಂದು ಹೊರಡುವ ಕಾಗದವೂ ಅದೇ ಕಾಯ್ದೆಯ ಎರಡು ಭಾಷೆಗಳ ಕಾಗದ. ಹೆಸರಿಗೆ ಕದಂಬ ಬೇಕು, ಕದಂಬರ ಭಾಷೆ ಬೇಡವೇ?

ಗುಟ್ಟು ಬಯಲಾಗುತ್ತದೆಯೇ?

"ರಕ್ಷಣೆಯ ವಿಷಯ ಸ್ವಾಮಿ, ಕನ್ನಡದಲ್ಲಿ ಬರೆದರೆ ಗುಟ್ಟು ಬಯಲು" ಎನ್ನುವ ದೊಡ್ಡವರಿದ್ದಾರೆ. ಗುಟ್ಟಿನ ಕಾಗದವನ್ನು ಯಾರು ಕೇಳಿದರು? ಊರಿಗೆಲ್ಲ ಕಾಣುವಂತೆ ಇಂಗ್ಲಿಷಿನಲ್ಲಿ ಹಾಕಿದ್ದು ಕನ್ನಡಕ್ಕೆ ಬಂದ ತಕ್ಷಣ ಗುಟ್ಟಾಗುತ್ತದೆಯೇ?

"ಕನ್ನಡದಲ್ಲಿ ಅಂಥ ಪದಗಳಿಲ್ಲ" ಎನ್ನುವವರು ಇನ್ನೂ ಕೆಲವರು. ಗಡುವು, ಜಾಮೀನು, ಷರತ್ತು, ದಂಡ, ಖಾತರಿ, ತಕರಾರು, ಪಂಚಾಯ್ತಿ, ಇವೆಲ್ಲ ಯಾವ ಭಾಷೆ? ನಮ್ಮ ಸಂತೆಯ ಭಾಷೆ, ನಮ್ಮ ಸೊಸೈಟಿಯ ಭಾಷೆ. "ತಕ್ಕದ್ದು" ಎಂಬ ಒಂದು ಮಾತಿನಿಂದ ನಮ್ಮ ರಾಜ್ಯದ ಕಾಯ್ದೆಗಳು ನಿಂತಿವೆ. ಟೆಂಡರ್ ಎಂಬುದನ್ನು ಟೆಂಡರ್ ಎಂದೇ ಬರೆಯಲಿ, ಬ್ಯಾಂಕ್ ಗ್ಯಾರಂಟಿಯನ್ನು ಬ್ಯಾಂಕ್ ಗ್ಯಾರಂಟಿ ಎಂದೇ ಬರೆಯಲಿ. ಯಾರೂ ಹಳಗನ್ನಡ ಕೇಳುತ್ತಿಲ್ಲ.

"ಅನುವಾದ ತಪ್ಪಾದರೆ ಕೋರ್ಟಿಗೆ ಹೋಗುತ್ತಾರೆ" ಎಂಬುದು ಮಾತ್ರ ಒಪ್ಪತಕ್ಕ ಮಾತು. ಅದಕ್ಕೂ ದಾರಿ ಇದೆ. ತಗಾದೆ ಬಂದರೆ ಇಂಗ್ಲಿಷ್ ಪ್ರತಿಯೇ ಪ್ರಮಾಣ ಎಂದು ಒಂದು ಸಾಲು ಹಾಕಿಕೊಳ್ಳಲಿ. ಕಲಿಯಲು, ತಿಳಿಯಲು ನಮಗೆ ಕನ್ನಡ ಕೊಡಲಿ.

ನಿಖರತೆ ನಮ್ಮವರಿಗೆ ಆಗದು ಎನ್ನುವವರು ಹುಬ್ಬಳ್ಳಿಯ ಬೆಂಗೇರಿಗೆ ಹೋಗಲಿ. ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಎಳೆ, ಬಣ್ಣ, ಅಳತೆ, ಹೊಲಿಗೆ, ಎಲ್ಲಕ್ಕೂ ಭಾರತೀಯ ಮಾನಕ ಬ್ಯೂರೋದ ಕಟ್ಟುನಿಟ್ಟು. ಚೂರು ವ್ಯತ್ಯಾಸವಾದರೂ ಬಟ್ಟೆ ತಿರಸ್ಕಾರ. ಆ ಕೆಲಸ ಮಾಡುವವರು ಬಹುಪಾಲು ನಮ್ಮ ಹೆಣ್ಣುಮಕ್ಕಳು, ತಮ್ಮ ಭಾಷೆಯಲ್ಲಿ ಹೇಳಿಸಿಕೊಂಡು, ತಮ್ಮ ಕೈಯಲ್ಲಿ ಕಲಿತವರು. ತಿಳಿಯುವಂತೆ ಹೇಳಿದರೆ ನಮ್ಮ ಕೈ ತಪ್ಪುವುದಿಲ್ಲ.

ಅಸಾಧ್ಯವೂ ಅಲ್ಲ. ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. 2024ರಿಂದ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಬಹುದಾಗಿದೆ. ಗಡಿಯಲ್ಲಿ ಬಂದೂಕು ಹಿಡಿಯುವ ಪರೀಕ್ಷೆಗೆ ಕನ್ನಡ ಆಗುತ್ತದೆ, ಆ ಬಂದೂಕಿನ ಪೆಟ್ಟಿಗೆ ಮಾಡಿಕೊಡುವ ಟೆಂಡರಿಗೆ ಆಗುವುದಿಲ್ಲವೇ?

ಈಗಲೇ ಇರುವ ಹಕ್ಕು ತಿಳಿದುಕೊಳ್ಳಿ

ಕನ್ನಡ ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ನನ್ನಂತೆ ಬಳೆ ಅಡವಿಡುವ ಮುಂಚೆ ಇದನ್ನು ಗೋಡೆಗೆ ಅಂಟಿಸಿಕೊಳ್ಳಿ.

ಸಣ್ಣ ಉದ್ದಿಮೆಗಳಿಂದ ಖರೀದಿ ಮಾಡುವ ಬಗ್ಗೆ ಕೇಂದ್ರ ಸರ್ಕಾರ 2012ರಲ್ಲಿ ಒಂದು ಆದೇಶ ಹೊರಡಿಸಿತು. ಕೇಂದ್ರದ ಇಲಾಖೆಗಳು, ಕೇಂದ್ರದ ಕಂಪನಿಗಳು ತಮ್ಮ ವರ್ಷದ ಖರೀದಿಯಲ್ಲಿ 20 ಪರ್ಸೆಂಟನ್ನು ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದ ಮಾಡಬೇಕೆಂದಿತ್ತು; 2018ರಲ್ಲಿ ಅದನ್ನು 25 ಪರ್ಸೆಂಟಿಗೆ ಏರಿಸಿದರು. ಅದರಲ್ಲಿ 4 ಪರ್ಸೆಂಟ್ ಪರಿಶಿಷ್ಟ ಜಾತಿ-ಪಂಗಡದವರ ಉದ್ದಿಮೆಗೆ, 3 ಪರ್ಸೆಂಟ್ ಮಹಿಳೆಯರ ಉದ್ದಿಮೆಗೆ. ಟೆಂಡರ್ ಕಾಗದ ಪುಕ್ಕಟೆ. ಬಯಾನಾ ಹಣ ಮಾಫಿ.

ಇನ್ನೊಂದು ಅದಕ್ಕಿಂತ ದೊಡ್ಡದು. ದೊಡ್ಡ ಕಂಪನಿಯೊಂದು 100 ರೂಪಾಯಿ ಎಂದು ಎಲ್-1 ಆಯಿತು ಎನ್ನಿ. ನೀವು ಸಣ್ಣವರು, 112 ಹೇಳಿದ್ದೀರಿ. ನಿಮ್ಮ ದರ ಅವನದಕ್ಕಿಂತ 15 ಪರ್ಸೆಂಟಿನ ಒಳಗಿದೆ. ನೀವು 100ಕ್ಕೆ ಇಳಿಯಲು ಒಪ್ಪಿದರೆ, ಆರ್ಡರಿನ ಒಂದು ಪಾಲು ಕೊಡಲು ನಿಮಗೆ ಅವಕಾಶ ಕೊಡಬೇಕು. ತಾವೇ ಮಾಲು ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಇದು. ಕೊಂಡು ಮಾರುವ ವ್ಯಾಪಾರಿಗಳಿಗಲ್ಲ.

2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಯ ಬಿಲ್ಲನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಇದಕ್ಕೆಲ್ಲ ಬೇಕಾದದ್ದು 'ಉದ್ಯಮ್' ನೋಂದಣಿ. ಇದು 2020ರ ಜುಲೈನಲ್ಲಿ ಶುರುವಾಯಿತು, ದುಡ್ಡು ಕೊಡಬೇಕಿಲ್ಲ. ದುಡ್ಡು ಕೇಳುವ ಏಜೆಂಟನನ್ನು ಬಾಗಿಲಿನಿಂದಲೇ ಕಳಿಸಿ. ಸರ್ಕಾರಿ ಖರೀದಿಯ 'ಜೆಮ್' ಸಂತೆ 2016ರಿಂದ ಇದೆ. ಹೊರದೇಶದಿಂದ ತರಿಸುತ್ತಿದ್ದ ರಕ್ಷಣಾ ಸಾಮಾನುಗಳಲ್ಲಿ ಇಲ್ಲೇ ಮಾಡಬಹುದಾದವುಗಳ ಪಟ್ಟಿಗೆಂದು 2020ರಲ್ಲಿ 'ಸೃಜನ್' ತಾಣ ಬಂತು. ನಿಮ್ಮ ಮಾವನ ಲೇತ್ ಮಶೀನಿನಲ್ಲಿ ಆಗುವಂಥದ್ದು ಅದರಲ್ಲಿ ಏನಾದರೂ ಇದೆಯೇ ಎಂದು ನೋಡಿದ್ದೀರಾ?

ಕೈಗೆ ಕೆಲಸ ಹೇಳುತ್ತೇನೆ

ಮೊದಲನೆಯದು. ನಿಮ್ಮ ಬಳಗದ ಐದು ಜನ ಭಾನುವಾರ ಒಂದು ಕಡೆ ಕೂತು ಒಂದೇ ಒಂದು ಟೆಂಡರ್ ಕಾಗದವನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಿ. ಗೊತ್ತಿಲ್ಲದ ಪದಕ್ಕೆ ಪಕ್ಕದಲ್ಲೇ ಕನ್ನಡ ಬರೆಯಿರಿ. ನೂರಾರು ಪುಟವಿದ್ದರೂ ತಿರುಗಿ ತಿರುಗಿ ಬರುವುದು ಅವೇ ಪದಗಳು. ನಾಲ್ಕು ಟೆಂಡರ್ ಓದಿದರೆ ಐದನೆಯದು ಸಲೀಸು.

ಎರಡನೆಯದು. ಆ ಪದಗಳ ಪಟ್ಟಿಯನ್ನು ಕೈಪುಸ್ತಕ ಮಾಡೋಣ. ಕನ್ನಡದಲ್ಲಿ ಅರ್ಥ, ಒಂದು ಉದಾಹರಣೆ, ಒಂದು ಎಚ್ಚರಿಕೆ. ಅಚ್ಚಿನ ಕೂಲಿ ನನ್ನದು, ಕಾಗದದ ದುಡ್ಡು ಕೂಡಿಸಿ ಕೊಡಿ. ದಾಂಡೇಲಿಯ ಕಾಗದದ ಮೇಲೆಯೇ ಅಚ್ಚು ಹಾಕೋಣ. ನಮ್ಮ ಕಾಡಿನ ನಡುವಿನ ಊರಲ್ಲಿ ಆದ ಕಾಗದದ ಮೇಲೆ ನಮ್ಮ ಮಾತು ಕೂರಲಿ.

ಮೂರನೆಯದು. ಸಂಘಟನೆಗಳು ಮನವಿ ಕೊಡುವಾಗ "ಕನ್ನಡಿಗರಿಗೆ ಕೆಲಸ ಕೊಡಿ" ಎಂಬ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಲಿ: "ಕರ್ನಾಟಕದಲ್ಲಿರುವ ಕೇಂದ್ರದ ಕಂಪನಿಗಳು ಟೆಂಡರಿನ ಪ್ರಕಟಣೆ, ಸಾಮಾನ್ಯ ಷರತ್ತುಗಳು, ಸಣ್ಣ ಉದ್ದಿಮೆಗಳಿಗಿರುವ ವಿನಾಯಿತಿಗಳನ್ನು ಕನ್ನಡದಲ್ಲೂ ಕೊಡತಕ್ಕದ್ದು." ನಮ್ಮ ಸಂಸದರು 1963ರ ಕಾಯ್ದೆಯ ಆ ಉಪಕಲಂ ತಿದ್ದುಪಡಿಗೆ ದನಿ ಎತ್ತಲಿ. ಕಾಯ್ದೆ ತಿದ್ದುವ ತನಕ ಕಾಯಬೇಕಾಗಿಯೂ ಇಲ್ಲ. ಎರಡು ಭಾಷೆ ಇರಲೇಬೇಕು ಎಂದಿದೆಯೇ ಹೊರತು ಮೂರನೆಯದು ಇರಬಾರದು ಎಂದು ಅಲ್ಲಿ ಬರೆದಿಲ್ಲ. ಮನಸ್ಸಿದ್ದರೆ ನಾಳೆಯೇ ಹಾಕಬಹುದು.

ನಾಲ್ಕನೆಯದು. ಇಂಗ್ಲಿಷ್ ಕಲಿಯಲು ನಾಚಬೇಡಿ. ಕನ್ನಡಕ್ಕೆ ಹೋರಾಡುವವನು ಇಂಗ್ಲಿಷ್ ಓದಬಾರದು ಎಂದು ಯಾವ ಶಾಸ್ತ್ರದಲ್ಲೂ ಇಲ್ಲ. ಎದುರಾಳಿಯ ಕಾಗದ ಓದಲು ಬಾರದವನು ತನ್ನ ಕಾಗದಕ್ಕೆ ಜಾಗ ಕೇಳುವುದು ಹೇಗೆ?

ಕಳೆದ ವರ್ಷ ನಾನು ಮತ್ತೆ ಒಂದು ಟೆಂಡರ್ ಹಾಕಿದೆ. ಸಣ್ಣದು, ಕಚೇರಿಯ ಫೈಲು ಮತ್ತು ಲಕೋಟೆಗಳದ್ದು. ಈ ಸಲ ಪ್ರೆಸ್ಸಿನ ಬಾಗಿಲು ಹಾಕಿ, ಎರಡು ರಾತ್ರಿ ಕೂತು, ಮಗಳನ್ನೂ ಪಕ್ಕಕ್ಕೆ ಕೂಡಿಸಿಕೊಂಡು ಪುಟಪುಟ ಓದಿದೆ. ಅವಳು ಪಿಯುಸಿ ಮೊದಲ ವರ್ಷ. ನಾನು ಕೆಂಪು ಪೆನ್ನಿನಿಂದ ಪ್ರೂಫ್ ತಿದ್ದುವಂತೆ ಗುರುತು ಹಾಕುತ್ತಿದ್ದೆ, ಅವಳು ಕನ್ನಡದಲ್ಲಿ ಪಟ್ಟಿ ಬರೆಯುತ್ತಿದ್ದಳು. ಕೆಲಸ ಸಿಗಲಿಲ್ಲ, ಬೇರೆಯವರ ದರ ನನಗಿಂತ ಕಡಿಮೆ ಇತ್ತು. ಆದರೆ ನನ್ನ ದರ ತೆರೆದು ನೋಡಿದರು. ಬಯಾನಾ ಕಟ್ಟಲಿಲ್ಲ. ಬಳೆ ಮನೆಯಲ್ಲೇ ಇತ್ತು. ಸೋತೆ, ನಿಜ, ಈ ಸಲ ಮೈದಾನದೊಳಗೆ ನಿಂತು ಸೋತೆ.

ಮಗಳು ಬರೆದ ಆ ಪಟ್ಟಿ ನನ್ನ ಮೇಜಿನ ಗಾಜಿನ ಕೆಳಗಿದೆ. ನಲವತ್ತಾರು ಪದ. ನಿಮ್ಮ ಪಟ್ಟಿ ಕಳಿಸಿ, ಸೇರಿಸಿ ಅಚ್ಚಿಗೆ ಹಾಕುತ್ತೇನೆ.